ಮಳೆಗಾಲದ ಬಾಣಂತನ: ಹಾಲು ಸಾಲ್ತಾ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ?

ನಾಪೋಕ್ಲು_ಸೊಸೆ
ಎಲ್ಲರಿಗೂ ನಮಸ್ಕಾರ. ಮೊದಲನೇ ಮಗು, ಹೆಣ್ಣು, ಸಿಸೇರಿಯನ್. ಎರಡು ವಾರ ಆಗ್ತಾ ಬಂತು. ತವರಿಗೆ ಹೋಗೋಣ ಅಂದ್ರೆ ಭಾಗಮಂಡಲ ಕಡೆ ರಸ್ತೆ ಮೇಲೆ ಹೊಳೆ ನೀರು, ಹಾಗಾಗಿ ಬಾಣಂತನ ಅತ್ತೆ ಮನೆಯಲ್ಲೇ. ಅತ್ತೆ ಒಳ್ಳೆಯವರೇ, ಬಿಸಿನೀರು, ಊಟ ಯಾವುದಕ್ಕೂ ಕಮ್ಮಿ ಮಾಡಿಲ್ಲ. ಆದರೆ ಮಗು ಅತ್ತಾಗೆಲ್ಲ "ಹಾಲು ಸಾಲ್ತಾ ಇಲ್ಲ ಇವಳಿಗೆ" ಅಂತಾರೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ಶುರುವಾದ್ರೆ ರಾತ್ರಿ ಹತ್ತರವರೆಗೂ ಮಗು ಎದೆ ಬಿಡೋದಿಲ್ಲ. ಬಿಡಿಸಿ ಮಲಗಿಸಿದ್ರೆ ಮತ್ತೆ ಅಳು. ಮೊದಲ ವಾರ ಎದೆ ಬಿಗಿದುಕೊಂಡು ಬ್ಲೌಸ್ ಎಲ್ಲ ಒದ್ದೆ ಆಗ್ತಿತ್ತು, ಈಗ ಮೆತ್ತಗಾಗಿದೆ. ಅದಕ್ಕೇ ಹಾಲು ಇಳಿದುಹೋಯ್ತು ಅಂತ ಮನೆಯವರ ತೀರ್ಮಾನ. ಪಕ್ಕದ ಮನೆಯವರು ಹಾಲಿನ ಪೌಡರ್ ಡಬ್ಬ ಬೇರೆ ತಂದಿಟ್ಟು ಹೋಗಿದ್ದಾರೆ. ಎಡಗಡೆ ತೊಟ್ಟು ಒಡೆದು ಉರಿ, ಮಗು ಬಾಯಿ ಹಾಕಿದ್ರೆ ಜೀವ ಹೋಗುತ್ತೆ. ಬಿಸಿಲು ನೋಡದೆ ಎಷ್ಟು ದಿನ ಆಯ್ತೋ. ಡಬ್ಬ ತೆಗೀಲಾ ಬೇಡ್ವಾ? ಯಾರಾದ್ರೂ ಸರಿಯಾಗಿ ಹೇಳಿ.

ಸೋಮವಾರಪೇಟೆ_ಚೈತ್ರ
ಡಬ್ಬ ತೆಗೀಬೇಡ ಕಣೇ, ಸ್ವಲ್ಪ ತಡಿ. ಇಲ್ಲಿ ಸಿಸ್ಟರ್ ಇದ್ದಾರೆ, ಅವರು ಬರ್ಲಿ.

ಸಿಸ್ಟರ್_ಮಡಿಕೇರಿ
ಬಂದೆ. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು ನಾನು. ಮೊದಲು ಒಂದೇ ಒಂದು ಲೆಕ್ಕ ಹೇಳಮ್ಮ: ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗೆ ಎಷ್ಟು ಬಟ್ಟೆ ಉಚ್ಚೆ ಮಾಡಿತು ಮಗು? ಕಕ್ಕದ ಬಣ್ಣ ಏನು?

ನಾಪೋಕ್ಲು_ಸೊಸೆ
ಎಣಿಸಿಲ್ಲ ಸಿಸ್ಟರ್. ಹಗ್ಗದಲ್ಲಿ ಜಾಗ ಇಲ್ಲ, ಅಷ್ಟು ಮಾತ್ರ ಗೊತ್ತು. ಕಕ್ಕ ಹಳದಿ, ಸಾಸಿವೆ ಅರೆದ ಹಾಗೆ, ನೀರುನೀರು. ದಿನಕ್ಕೆ ನಾಲ್ಕೈದು ಸಲ. ಅದೂ ಭೇದಿ ಅಂತಿದ್ದಾರೆ ಅತ್ತೆ.

ಸಿಸ್ಟರ್_ಮಡಿಕೇರಿ
ಭೇದಿ ಅಲ್ಲ. ಎದೆಹಾಲು ಕುಡಿಯೋ ಮಗುವಿನ ಕಕ್ಕ ಇರೋದೇ ಹಾಗೆ. ನಿನ್ನ ಉತ್ತರದಲ್ಲೇ ಅರ್ಧ ಸಮಾಧಾನ ಇದೆ.

ಹಾಲು ಸಾಲುತ್ತೋ ಇಲ್ಲವೋ ಅನ್ನೋದನ್ನ ಮಗುವಿನ ಅಳುವಿನಿಂದ ನಿರ್ಧರಿಸಬಾರದು, ಎದೆ ಒತ್ತಿ ನೋಡಿಯೂ ಅಲ್ಲ. ಒಳಗೆ ಹೋಗಿದ್ದು ಹೊರಗೆ ಬರಲೇಬೇಕು. ಮೊದಲ ದಿನ ಒಂದು ಒದ್ದೆ ಬಟ್ಟೆ, ಎರಡನೇ ದಿನ ಎರಡು, ಹೀಗೆ ಏರುತ್ತಾ ಐದಾರು ದಿನಕ್ಕೆ 24 ಗಂಟೆಯಲ್ಲಿ 6 ಅಥವಾ ಅದಕ್ಕಿಂತ ಹೆಚ್ಚು ಆಗಬೇಕು. ಉಚ್ಚೆ ತಿಳಿಯಾಗಿರಬೇಕು. ಕಕ್ಕ ಮೊದಲೆರಡು ದಿನ ಡಾಂಬರಿನಂತೆ ಕಪ್ಪು, ಆಮೇಲೆ ಹಸಿರು, ನಾಲ್ಕೈದನೇ ದಿನಕ್ಕೆ ಹಳದಿ. ಇನ್ನೊಂದು ಸಾಕ್ಷಿ ತೂಕ. ಹುಟ್ಟಿದ ಮಗು ಮೊದಲ ದಿನಗಳಲ್ಲಿ ತೂಕ ಇಳಿಯೋದು ಸಹಜ, ಆದರೆ 10 ಶೇಕಡಾ ದಾಟಬಾರದು. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು, ಅಲ್ಲಿಂದ ಮುಂದೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಆಸ್ಪತ್ರೆ ಹೆರಿಗೆ ಆದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನಗಳಲ್ಲಿ ಬರಬೇಕು. ತೂಕದ ಚೀಲ ಅವರ ಹತ್ತಿರ ಇರುತ್ತೆ. 14ನೇ ದಿನದ ಭೇಟಿ ಬಾಕಿ ಇದ್ರೆ ಫೋನ್ ಮಾಡಿ ಕರೆಸು. ಮಳೆ ಅಂತ ಅವರು ತಪ್ಪಿಸೋದಿಲ್ಲ, ಕೊಡೆ ಹಿಡಿದು ಬರ್ತಾರೆ.

ಎದೆ ಮೆತ್ತಗಾಗಿದ್ದು ಹಾಲು ಇಳಿದುಹೋಗಿದ್ದಕ್ಕಲ್ಲ. ಮೊದಲ ವಾರದ ಬಿಗಿತದಲ್ಲಿ ಹಾಲಿನ ಜೊತೆ ರಕ್ತ, ನೀರು ಎಲ್ಲ ತುಂಬಿರುತ್ತೆ. ಮಗುವಿಗೆ ಎಷ್ಟು ಬೇಕು ಅನ್ನೋದು ಮೈಗೆ ಗೊತ್ತಾದ ಮೇಲೆ ಆ ಊತ ಇಳಿಯುತ್ತೆ. ಸಂಜೆ ಹೊತ್ತು ಬಿಡದೆ ಕುಡಿಯೋದೂ ಈ ವಯಸ್ಸಿನ ಮಕ್ಕಳ ಅಭ್ಯಾಸ. ಮಗುವಿಗೆ ಎರಡು ಮೂರು ವಾರ ಆದಾಗ ಒಮ್ಮೆ, ಆರು ವಾರ ಆದಾಗ ಒಮ್ಮೆ ಹೀಗೆ ಜಾಸ್ತಿ ಆಗುತ್ತೆ, ನಾಲ್ಕು ದಿನಕ್ಕೆ ಕಮ್ಮಿ ಆಗುತ್ತೆ. ಎಷ್ಟು ಎಳೆಯುತ್ತೋ ಅಷ್ಟು ಹಾಲು ಮರುದಿನ ಸಿದ್ಧ. ಆ ಹೊತ್ತಿಗೆ ಸರಿಯಾಗಿ ಪೌಡರ್ ಕೊಟ್ಟರೆ ಮಗು ಮಲಗುತ್ತೆ ನಿಜ, ಆದರೆ ಆ ಒಂದು ಹೊತ್ತಿನ ಬೇಡಿಕೆ ನಿನ್ನ ಎದೆಗೆ ಗೊತ್ತೇ ಆಗೋದಿಲ್ಲ. ನಾಳೆ ಅಷ್ಟು ಕಮ್ಮಿ. ಮತ್ತೆ ಡಬ್ಬ. ಹಾಲು ನಿಜವಾಗಿ ಕಮ್ಮಿ ಆಗೋದು ಹೀಗೆ.

ತೊಟ್ಟು ಒಡೆದಿದೆ ಅಂದೆ, ನನಗೆ ಚಿಂತೆ ಅದು. ಹೇಗೆ ಕೂತು ಕುಡಿಸ್ತೀಯ ಅಂತ ಬರೀ, ನೋಡೋಣ.

ಪೊನ್ನಂಪೇಟೆ_ಅಜ್ಜಿ
ನಮ್ಮ ಕಾಲದಲ್ಲಿ ಯಾರು ಎಣಿಸಿದ್ರು ಉಚ್ಚೆ ಬಟ್ಟೆ. ಬೆಳ್ಳುಳ್ಳಿ ತುಪ್ಪದಲ್ಲಿ ಹುರಿದು ಅನ್ನಕ್ಕೆ ಕಲಸಿ ತಿನ್ನು, ಸಬ್ಬಸಿಗೆ ಸೊಪ್ಪು ತಿನ್ನು, ಹಾಲು ಬರುತ್ತೆ. ಮಗುವಿಗೆ ಒಂದು ಬೆರಳು ಜೇನು ನೆಕ್ಕಿಸು, ಅಳು ನಿಲ್ಲುತ್ತೆ. ನಮ್ಮ ತೋಟದ ಜೇನೇ ಇದೆ, ಬೇಕಾದ್ರೆ ಕಳಿಸ್ತೀನಿ.

ಸಿಸ್ಟರ್_ಮಡಿಕೇರಿ
ಅಜ್ಜಿ, ಬೆಳ್ಳುಳ್ಳಿ ಸೊಪ್ಪು ತಿನ್ನಲಿ, ಬಾಣಂತಿಗೆ ಅದು ಒಳ್ಳೆ ಊಟ. ಜೇನು ಮಾತ್ರ ಬೇಡ. ಕೊಡಗಿನ ಜೇನು ಎಷ್ಟೇ ಚೊಕ್ಕವಾಗಿರಲಿ, ಒಂದು ವರ್ಷ ತುಂಬುವವರೆಗೆ ಮಗುವಿನ ಬಾಯಿಗೆ ಮುಟ್ಟಿಸಬಾರದು. ಜೇನಿನಲ್ಲಿ ಬಾಟುಲಿಸಂ ತರುವ ರೋಗಾಣುವಿನ ಬೀಜ ಇರಬಹುದು. ದೊಡ್ಡವರ ಕರುಳು ಅದನ್ನ ತಡೆಯುತ್ತೆ, ಎಳೆ ಕರುಳಿಗೆ ಆ ಶಕ್ತಿ ಇಲ್ಲ. ಮಗುವಿನ ಸ್ನಾಯು ಸೋತು, ಎದೆ ಎಳೆಯೋದಕ್ಕೂ ಆಗದ ಸ್ಥಿತಿ ಬರಬಹುದು. ಮನೆಯಲ್ಲಿ ಕಾಯಿಸಿದರೂ ಆ ಬೀಜ ಸಾಯೋದಿಲ್ಲ.

ಪೊನ್ನಂಪೇಟೆ_ಅಜ್ಜಿ
ಆರು ಮಕ್ಕಳಿಗೂ ನೆಕ್ಕಿಸಿದ್ದೀನಿ, ಎಲ್ಲ ಗಟ್ಟಿಮುಟ್ಟಾಗಿದ್ದಾರೆ. ಒಬ್ಬ ಮಿಲಿಟರಿಯಲ್ಲಿದ್ದಾನೆ.

ಸೋಮವಾರಪೇಟೆ_ಚೈತ್ರ
ಅಜ್ಜಿ, ಹೆಲ್ಮೆಟ್ ಹಾಕದೆ ಕುಶಾಲನಗರಕ್ಕೆ ಹೋಗಿ ಬಂದವರೂ ಗಟ್ಟಿಮುಟ್ಟಾಗೇ ಇದ್ದಾರೆ. ಮೊಮ್ಮಕ್ಕಳಿಗೆ ಬೇಡ, ನೀವೇ ಒತ್ತಿ (ಅಕ್ಕಿ ರೊಟ್ಟಿ) ಜೊತೆ ತಿನ್ನಿ.

ನಾಪೋಕ್ಲು_ಸೊಸೆ
ಕೂರೋ ರೀತಿ: ಮಂಚದ ಅಂಚಿಗೆ ಕೂತು, ಬಗ್ಗಿ, ಮಗುವನ್ನ ತೊಡೆ ಮೇಲೆ ಅಂಗಾತ ಮಲಗಿಸಿ, ಅದರ ಮುಖ ಮಾತ್ರ ನನ್ನ ಕಡೆ ತಿರುಗಿಸಿ ತೊಟ್ಟು ಬಾಯಿಗೆ ಇಡ್ತೀನಿ. ಹೊಲಿಗೆ ನೋವಿಗೆ ಮಗುವನ್ನ ಹೊಟ್ಟೆ ಹತ್ತಿರ ತರೋಕೆ ಭಯ.

ಸಿಸ್ಟರ್_ಮಡಿಕೇರಿ
ಅಂದುಕೊಂಡೆ. ನೀನೇ ಕತ್ತು ಪಕ್ಕಕ್ಕೆ ತಿರುಗಿಸಿಕೊಂಡು ಒಂದು ಲೋಟ ನೀರು ಕುಡಿದು ನೋಡು, ಮಗುವಿನ ಕಷ್ಟ ತಿಳಿಯುತ್ತೆ.

ಸಿಸೇರಿಯನ್ ಆದವರಿಗೆ ಎರಡು ರೀತಿ ಸುಲಭ. ಒಂದು, ಪಕ್ಕಕ್ಕೆ ಮಲಗಿ ಕುಡಿಸೋದು: ಬೆನ್ನ ಹಿಂದೆ ದಿಂಬು, ಮಂಡಿ ನಡುವೆ ದಿಂಬು, ಮಗು ನಿನ್ನ ಕಡೆ ಪೂರ್ತಿ ತಿರುಗಿ ಹೊಟ್ಟೆಗೆ ಹೊಟ್ಟೆ ತಾಗುವಂತೆ. ಇನ್ನೊಂದು, ಕಂಕುಳಲ್ಲಿ ಹಿಡಿಯೋದು. ಒರಗಿ ಕೂತು, ಪಕ್ಕದಲ್ಲಿ ದಿಂಬಿಟ್ಟು, ಮಗುವಿನ ಕಾಲು ನಿನ್ನ ಬೆನ್ನ ಕಡೆಗೆ ಹೋಗುವ ಹಾಗೆ ಕಂಕುಳ ಕೆಳಗೆ ಸೇರಿಸಿ, ಅಂಗೈಯಲ್ಲಿ ಅದರ ಕತ್ತು ಭುಜ ಹಿಡಿ. ಹೊಲಿಗೆ ಮೇಲೆ ಭಾರ ಬೀಳೋದಿಲ್ಲ.

ಈಗ ಬಾಯಿ. ತೊಟ್ಟಿನ ನೇರಕ್ಕೆ ಮಗುವಿನ ಬಾಯಿ ಅಲ್ಲ, ಮೂಗು ಬರಬೇಕು. ತೊಟ್ಟಿನಿಂದ ಮೇಲ್ತುಟಿ ಸವರು. ಆಕಳಿಸುವಷ್ಟು ಬಾಯಿ ತೆರೆಯೋವರೆಗೆ ಕಾಯಿ. ಅರ್ಧ ತೆರೆದಾಗ ತುರುಕಬೇಡ, ಒಡೆಯೋದು ಅದರಿಂದಲೇ. ತೆರೆದ ಕ್ಷಣ ಮಗುವನ್ನ ಎದೆ ಹತ್ತಿರ ತಾ, ಎದೆಯನ್ನ ಮಗುವಿನ ಕಡೆ ಬಗ್ಗಿಸಬೇಡ. ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಗೆ ಮಡಿಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಡೆ ಬಹುಪಾಲು ಬಾಯೊಳಗೆ ಹೋಗಿ ಮೇಲೆ ಸ್ವಲ್ಪ ಕಾಣಬೇಕು. ಸರಿಯಾಗಿದ್ರೆ ಮೊದಲ ಕೆಲವು ಸೆಕೆಂಡು ಬಿಟ್ಟು ನೋವಿರಲ್ಲ. ಚಪ್ಪರಿಸೋ ಸದ್ದು ಬರಬಾರದು, ನುಂಗೋ ಸದ್ದು ಬರಬೇಕು. ನೋವು ಮುಂದುವರಿದ್ರೆ ಎಳೆದು ಬಿಡಿಸಬೇಡ, ನಿನ್ನ ಕಿರುಬೆರಳು ಬಾಯಿ ಅಂಚಿನಲ್ಲಿ ತೂರಿಸಿ ಹಿಡಿತ ಸಡಿಲಿಸಿ ಮತ್ತೆ ಹಿಡಿಸು. ಬಿಟ್ಟ ಮೇಲೆ ತೊಟ್ಟು ನೋಡು: ಲಿಪ್‌ಸ್ಟಿಕ್ ತುದಿಯಂತೆ ಓರೆಯಾಗಿ ಚಪ್ಪಟೆ ಆಗಿದ್ರೆ ಹಿಡಿತ ಸರಿ ಇಲ್ಲ ಅಂತಲೇ ಅರ್ಥ.

ಒಡೆದ ಜಾಗಕ್ಕೆ ಎರಡು ಹನಿ ನಿನ್ನ ಹಾಲನ್ನೇ ಹಚ್ಚಿ ಆರಲು ಬಿಡು. ಪ್ರತಿ ಸಲ ಸೋಪು ಹಾಕಿ ತೊಳೆಯಬೇಡ. ಮೊದಲು ನೋವು ಕಮ್ಮಿ ಇರೋ ಬಲಗಡೆ ಕೊಡು, ಹಸಿವು ತಣಿದ ಮೇಲೆ ಎಡಗಡೆಗೆ ಹಾಕು. ಒಂದು ಕಡೆ ತಾನಾಗಿ ಬಿಡೋವರೆಗೆ ಕುಡಿಸಿ ಆಮೇಲೆ ಇನ್ನೊಂದು. ಗಡಿಯಾರ ನೋಡಿ ಬದಲಾಯಿಸಬೇಡ. ಕೊನೆಗೆ ಬರುವ ಹಾಲಲ್ಲೇ ಕೊಬ್ಬು ಜಾಸ್ತಿ.

ಕುಶಾಲನಗರ_ಟೀಚರ್
ಸಿಸ್ಟರ್, ಇದನ್ನ ಪ್ರಿಂಟ್ ಹಾಕಿ ಹೆರಿಗೆ ವಾರ್ಡ್ ಗೋಡೆಗೆ ಅಂಟಿಸಬೇಕು. ನನಗೆ ಒಂದು ಆಸ್ಪತ್ರೆಯಲ್ಲಿ (ಹೆಸರು ಬೇಡ) ಡಿಸ್ಚಾರ್ಜ್ ದಿನ ಬಿಲ್ ಬಗ್ಗೆ ಅರ್ಧ ಗಂಟೆ ವಿವರಿಸಿದ್ರು, ಹಾಲು ಕುಡಿಸೋದು ಹೇಗೆ ಅಂತ ಒಬ್ಬರೂ ತೋರಿಸಲಿಲ್ಲ.

ನಿರ್ವಾಹಕ
ಈ ಚರ್ಚೆಯಲ್ಲಿ ಶಿಶು ಆಹಾರದ ಡಬ್ಬವೊಂದನ್ನು ರಿಯಾಯಿತಿ ದರದಲ್ಲಿ ಕೊಡುವುದಾಗಿ ಯಾರೋ ಹಾಕಿದ್ದ ಪೋಸ್ಟ್ ತೆಗೆದುಹಾಕಿದ್ದೇವೆ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಬಾಟಲಿ, ನಿಪ್ಪಲ್‌ಗಳ ಜಾಹೀರಾತು ನಮ್ಮ ದೇಶದಲ್ಲಿ 1992ರ ಕಾಯ್ದೆಯಿಂದ ನಿಷಿದ್ಧ. ಮತ್ತೆ ಹಾಕಿದರೆ ಖಾತೆ ಹೋಗುತ್ತದೆ. ಹಾಗೆಯೇ, ವೈದ್ಯರ ಸಲಹೆಯ ಮೇಲೆ ಪುಡಿ ಹಾಲು ಕೊಡುತ್ತಿರುವ ತಾಯಂದಿರನ್ನು ಇಲ್ಲಿ ಯಾರೂ ಹೀಯಾಳಿಸಬಾರದು.

ತೋಟದ_ರೈಟರ್
ಗಂಡಸರು ಇಲ್ಲಿ ಬರೀಬಹುದಾ ಗೊತ್ತಿಲ್ಲ. ಮನೆಯಲ್ಲಿ ಬಾಣಂತಿ ಇದ್ದಾಳೆ, ಮಗಳು. ದಿನಕ್ಕೆ ಐದಾರು ಲೋಟ ಬೆಲ್ಲದ ಕಾಪಿ ಕುಡೀತಾಳೆ, ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ. ಮಗು ರಾತ್ರಿ ಕಣ್ಣು ಬಿಟ್ಟುಕೊಂಡೇ ಇರುತ್ತೆ. ಕಾಪಿಯಿಂದಲಾ?

ಸಿಸ್ಟರ್_ಮಡಿಕೇರಿ
ಬರೀರಿ ಅಣ್ಣ, ಗಂಡಸರು ಕೇಳೋದೇ ಅಪರೂಪ. ಒಂದು ಪ್ರಶ್ನೆ: ಮನೆ ಪುಡಿ ಯಾವುದು, ಅರೇಬಿಕಾನಾ ರೋಬಸ್ಟಾನಾ?

ತೋಟದ_ರೈಟರ್
ರೋಬಸ್ಟಾ. ಚಿಕೋರಿ ಹಾಕಲ್ಲ ನಾವು, ಅದು ಪೇಟೆಯವರಿಗೆ.

ಸಿಸ್ಟರ್_ಮಡಿಕೇರಿ
ಹಾಗಾದ್ರೆ ಅನುಮಾನ ಪಡಬೇಕಾದ್ದೇ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕುಡಿದದ್ದರಲ್ಲಿ ಸ್ವಲ್ಪವೇ ಹಾಲಿಗೆ ಬರೋದು. ಆದರೆ ದೊಡ್ಡವರ ಮೈಯಿಂದ ಕೆಫೀನ್ ಕೆಲವು ಗಂಟೆಯಲ್ಲಿ ಇಳಿದುಹೋದ್ರೆ, ಹುಟ್ಟಿದ ಮಗುವಿನ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತೆ. ಹಾಗಾಗಿ ಸ್ವಲ್ಪಸ್ವಲ್ಪವೇ ಸೇರಿಕೊಳ್ಳುತ್ತೆ. ಬಾಣಂತಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಒಳಗೆ ಇರಲಿ ಅಂತಾರೆ. ಗಟ್ಟಿ ಡಿಕಾಕ್ಷನ್ ಆದರೆ ಸಣ್ಣ ಲೋಟದಲ್ಲಿ ಎರಡು, ಅಷ್ಟೇ. ಕುಡಿದ ಒಂದೆರಡು ಗಂಟೆಗೆ ಹಾಲಿನಲ್ಲಿ ಅದು ಹೆಚ್ಚು, ಹಾಗಾಗಿ ಮಗುವಿಗೆ ಕುಡಿಸಿದ ತಕ್ಷಣ ಕಾಪಿ ಕುಡಿಯೋದು ಜಾಣತನ. ಟೀಯಲ್ಲೂ ಕೆಫೀನ್ ಇದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಕೊಡಗಿನವಳಿಗೆ ಕಾಪಿ ಬಿಡು ಅಂತ ಹೇಳೋ ಧೈರ್ಯ ನನಗೂ ಇಲ್ಲ. ಅರ್ಧ ಚಿಕೋರಿ ಬೆರೆಸಿ ಕೊಡಿ, ಅದರಲ್ಲಿ ಕೆಫೀನ್ ಇರಲ್ಲ. ಮರ್ಯಾದೆ ಹೋಗುತ್ತೆ ಅಂದ್ರೆ ಬಾಗಿಲು ಹಾಕಿಕೊಂಡು ಬೆರೆಸಿ.

ಆದರೆ ಎಳೆ ಮಗು ಹಗಲು ಮಲಗಿ ರಾತ್ರಿ ಎಚ್ಚರ ಇರೋದು ಕಾಪಿ ಇಲ್ಲದ ಮನೆಯಲ್ಲೂ ಇದೆ. ಕಾಪಿ ಇಳಿಸಿ ಒಂದು ವಾರ ನೋಡಿ.

ಪೊನ್ನಂಪೇಟೆ_ಅಜ್ಜಿ
ಜೇನು ಬೇಡ, ಕಾಪಿ ಬೇಡ. ಇನ್ನು ಬ್ರಾಂದಿಯೂ ಬೇಡ ಅಂತೀಯ ನೋಡು. ಈ ಚಳಿ ಮಳೆಯಲ್ಲಿ ಬಾಣಂತಿ ಮೈ ಬೆಚ್ಚಗಾಗೋದು ಹೇಗೆ?

ಸಿಸ್ಟರ್_ಮಡಿಕೇರಿ
ಅಂತೀನಿ ಅಜ್ಜಿ. ರಕ್ತದಲ್ಲಿ ಮದ್ಯ ಎಷ್ಟಿರುತ್ತೋ ಹಾಲಿನಲ್ಲೂ ಅಷ್ಟೇ ಇರುತ್ತೆ. ಹಾಲು ಹೊರಗೆ ಬರೋ ಹಾಗೆ ಮಾಡುವ ಹಾರ್ಮೋನನ್ನೂ ಅದು ತಡೆಯುತ್ತೆ. ಹಾಲು ಹೆಚ್ಚಾಗಲಿ ಅಂತ ಕೊಟ್ಟು ಕಮ್ಮಿ ಮಾಡಿಕೊಂಡ ಹಾಗೆ. ಎಲ್ಲಾದರೂ ಒಂದು ಪೆಗ್ ಕುಡಿದೇ ಬಿಟ್ಟಿದ್ರೆ ಕನಿಷ್ಠ ಎರಡು ಗಂಟೆ ಎದೆ ಕೊಡಬಾರದು. ಹಾಲು ಹಿಂಡಿ ಚೆಲ್ಲಿದ್ರೆ ಮದ್ಯ ಬೇಗ ಇಳಿಯೋದೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ, ಕುಡಿದು ಮಗುವನ್ನ ಪಕ್ಕದಲ್ಲಿ ಹಾಕಿಕೊಂಡು ಮಲಗೋದು. ಮೈ ಬೆಚ್ಚಗಾಗೋಕೆ ಕರಿಮೆಣಸಿನ ಸಾರು, ಕೋಳಿ ಸಾರು ಕೊಡಿ.

ಪೊನ್ನಂಪೇಟೆ_ಅಜ್ಜಿ
ಸಾರಿಗೆ ನನ್ನ ಅಡ್ಡಿ ಇಲ್ಲ. ಬ್ರಾಂದಿ ನಾನೇ ಮುಗಿಸ್ತೀನಿ.

ಸಿದ್ದಾಪುರ_ಲೈನ್‌ಮನೆ
ಅಕ್ಕ, ನಿಮಗೆಲ್ಲ ಪಕ್ಕಕ್ಕೆ ಮಲಗಿ ಕುಡಿಸೋಕೆ ಟೈಮ್ ಇದೆ. ನಮ್ಮ ಲೈನ್‌ನಲ್ಲಿ (ತೋಟದ ಕೂಲಿಯವರ ಸಾಲುಮನೆ) ಹೆರಿಗೆ ಆಗಿ ಎರಡು ತಿಂಗಳಿಗೆ ಹೆಂಗಸರು ತೋಟಕ್ಕೆ ಇಳೀತಾರೆ. ನನ್ನ ಅಣ್ಣನ ಹೆಂಡತಿ ಬೆಳಿಗ್ಗೆ ಎಂಟಕ್ಕೆ ಹೋದ್ರೆ ಸಂಜೆ ಬರ್ತಾಳೆ. ಮಗು ನನ್ನ ಹತ್ತಿರ, ಮಧ್ಯೆ ಸಕ್ಕರೆ ನೀರು ಕೊಡ್ತೀವಿ. ನಾನು ಓದಿದವಳು ಅಂತ ನನ್ನನ್ನೇ ಕೇಳ್ತಾರೆ. ಏನು ಮಾಡಬೇಕು ಹೇಳಿ.

ತೋಟದ_ರೈಟರ್
ಇದಕ್ಕೆ ನಾನು ಹೇಳ್ತೀನಿ, ಮಸ್ಟರ್, ಅಂದ್ರೆ ತೋಟದ ಹಾಜರಿ ಪುಸ್ತಕ, ಬರೆಯೋನು ನಾನೇ ಆದ್ದರಿಂದ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ ಹೆಂಗಸಿಗೆ ಹೆರಿಗೆ ರಜೆ, ಸಂಬಳ ಸಮೇತ, ಹಕ್ಕು. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಅದು 26 ವಾರ. ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕು ಅಂತ ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಕೆಲಸಕ್ಕೆ ವಾಪಸ್ ಬಂದ ಮೇಲೆ ಮಗುವಿಗೆ 15 ತಿಂಗಳು ತುಂಬುವವರೆಗೆ, ಊಟದ ಬಿಡುವು ಬಿಟ್ಟು ದಿನಕ್ಕೆ ಇನ್ನೆರಡು ಬಿಡುವು ಮಗುವಿಗೆ ಹಾಲು ಕುಡಿಸೋಕೇ ಅಂತ ಕೊಡಬೇಕು. ಎಷ್ಟು ತೋಟದಲ್ಲಿ ಕೊಡ್ತಾರೆ ಅಂತ ಕೇಳಬೇಡಿ. ಕೇಳೋರೇ ಇಲ್ಲದೆ ಕೊಡೋರೂ ಇಲ್ಲ. ಮಸ್ಟರ್‌ನಲ್ಲಿ ಹೆಸರು ಅವರದ್ದೇ ಇದೆಯಾ ಅಂತ ಮೊದಲು ನೋಡಿ. ಮೇಸ್ತ್ರಿ ಕೈಕೆಳಗೆ ಹೋಗೋರ ಹೆಸರು ಎಷ್ಟೋ ಸಲ ಎಲ್ಲೂ ಇರಲ್ಲ, ತೊಂದರೆ ಆಗೋದು ಅಲ್ಲೇ.

ಇನ್ನೊಂದು: ಗಿಡಗಳಿಗೆ ಬೋರ್ಡೋ ಅಥವಾ ಬೇರೆ ಔಷಧಿ ಹೊಡೆಯೋ ದಿನ ಬಾಣಂತಿಯರನ್ನ ಆ ಕೆಲಸಕ್ಕೆ ಹಾಕಬೇಡಿ ಅಂತ ನಿಮ್ಮ ತೋಟದ ರೈಟರ್‌ಗೆ ಹೇಳಿ. ಹಾಕಿದ್ರೂ ಮನೆಗೆ ಬಂದವರು ಕೈ, ಎದೆ ತೊಳೆದು, ಬ್ಲೌಸ್ ಬದಲಾಯಿಸಿ ಆಮೇಲೆ ಮಗು ಎತ್ತಿಕೊಳ್ಳಲಿ.

ಸಿಸ್ಟರ್_ಮಡಿಕೇರಿ
ಸಕ್ಕರೆ ನೀರು ಇವತ್ತೇ ನಿಲ್ಲಿಸಿ ತಂಗಿ. ಆರು ತಿಂಗಳವರೆಗೆ ನೀರೂ ಬೇಡ, ಸಕ್ಕರೆ ನೀರೂ ಬೇಡ, ಬಜೆ ತೇಯ್ದು ನೆಕ್ಕಿಸೋದೂ ಬೇಡ, ಗ್ರೈಪ್ ವಾಟರೂ ಬೇಡ. ಎದೆಹಾಲಿನಲ್ಲಿ ಬಹುಪಾಲು ನೀರೇ ಇರೋದು. ಅಮ್ಮ ಬೆಳಿಗ್ಗೆ ಹೋಗೋ ಮುಂಚೆ ಕೈಯಲ್ಲಿ ಹಿಂಡಿ ಇಟ್ಟು ಹೋಗಲಿ, ನೀನು ಒಳಲೆಯಲ್ಲಿ (ಮೂತಿ ಇರೋ ಪುಟ್ಟ ಬಟ್ಟಲು) ಕುಡಿಸು. ಪಂಪ್ ಬೇಕಿಲ್ಲ.

ಹಿಂಡೋದು ಹೀಗೆ. ಕೈ ಸೋಪಿನಲ್ಲಿ ತೊಳೆದು, ಕುದಿಸಿ ಆರಿಸಿದ ಅಗಲ ಬಾಯಿಯ ಸ್ಟೀಲ್ ಲೋಟ ಹಿಡಿದು, ಒಂದು ನಿಮಿಷ ಬಿಸಿನೀರ ಬಟ್ಟೆಯ ಶಾಖ ಕೊಟ್ಟು, ಎದೆಯನ್ನ ಮೆಲ್ಲಗೆ ಸವರಲಿ. ಆಮೇಲೆ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ. ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಎರಡೂ ಬೆರಳನ್ನ ಕೂಡಿಸಿ ಒತ್ತಿ, ಬಿಡೋದು. ಒತ್ತು, ಕೂಡಿಸು, ಬಿಡು. ಚರ್ಮದ ಮೇಲೆ ಬೆರಳು ಜಾರಿಸಬಾರದು, ತೊಟ್ಟು ಹಿಂಡಬಾರದು. ಮೊದಲೊಂದೆರಡು ನಿಮಿಷ ಏನೂ ಬರಲ್ಲ, ಅಲ್ಲಿಗೇ ಎಷ್ಟೋ ಜನ ಬಿಟ್ಟುಬಿಡ್ತಾರೆ. ಹನಿ ಶುರುವಾದ ಮೇಲೆ ಬೆರಳನ್ನ ಸುತ್ತಲೂ ಜಾಗ ಬದಲಾಯಿಸ್ತಾ ಹೋಗಬೇಕು. ಮಗುವಿನ ಬಟ್ಟೆ ಹತ್ತಿರ ಇಟ್ಟುಕೊಂಡು ವಾಸನೆ ನೋಡಿದ್ರೆ ಹಾಲು ಬೇಗ ಬರುತ್ತೆ, ನಗಬೇಡಿ, ನಿಜ.

ಸುಂಟಿಕೊಪ್ಪ_ಅಪ್ಪ
ಹಿಂಡಿದ ಹಾಲು ಎಷ್ಟು ಹೊತ್ತು ಇಡಬಹುದು? ಇಲ್ಲಿ ಮರ ಬಿದ್ದು ಕರೆಂಟ್ ಹೋದ್ರೆ ಎರಡು ದಿನ ಬರಲ್ಲ.

ಕುಶಾಲನಗರ_ಟೀಚರ್
ನಾನು ಶಾಲೆಗೆ ವಾಪಸ್ ಹೋದಾಗ ಇದನ್ನೇ ಪಾಲಿಸಿದ್ದು: 25 ಡಿಗ್ರಿ ಒಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ, ಫ್ರೀಜರ್‌ನಲ್ಲಿ ಆರು ತಿಂಗಳೊಳಗೆ ಬಳಸಿದ್ರೆ ಒಳ್ಳೆಯದು. ನಮ್ಮ ಮಳೆಗಾಲದಲ್ಲಿ ಕೋಣೆ 25 ದಾಟೋದೇ ಇಲ್ಲ, ಅದು ಅನುಕೂಲ. ಏಪ್ರಿಲ್‌ನಲ್ಲಿ ಕುಶಾಲನಗರದ ಬಿಸಿಲಿಗೆ ಅಷ್ಟು ಹೊತ್ತು ಇಡಬೇಡಿ. ಫ್ರಿಜ್ ಬಾಗಿಲ ಕಪಾಟಿನಲ್ಲಿ ಅಲ್ಲ, ಹಿಂದಕ್ಕೆ ಒತ್ತಿ ಇಡಿ. ಕರೆಂಟ್ ಹೋದ್ರೆ ಬಾಗಿಲು ತೆರೆಯದೆ ಇದ್ರೆ ಸುಮಾರು 4 ಗಂಟೆ ತಂಪು ಹಿಡಿಯುತ್ತೆ. ಆಮೇಲೆ ಮೊದಲು ಅದನ್ನೇ ಕುಡಿಸಿ ಖಾಲಿ ಮಾಡಿ. ಕರಗಿದ ಹಾಲನ್ನ ಮತ್ತೆ ಗಡ್ಡೆ ಕಟ್ಟಿಸಬಾರದು. ಮೇಲೆ ಕೆನೆ ಬೇರೆಯಾಗಿ ನಿಲ್ಲುತ್ತೆ, ಕೆಟ್ಟಿದೆ ಅಂತ ನಮ್ಮಮ್ಮ ಒಂದು ಬಾಟಲಿ ಚೆಲ್ಲಿದ್ರು, ನಾನು ಅತ್ತೇಬಿಟ್ಟೆ. ಮೆಲ್ಲಗೆ ಅಲ್ಲಾಡಿಸಿದ್ರೆ ಸೇರಿಕೊಳ್ಳುತ್ತೆ. ಬಿಸಿನೀರಿನ ಬಟ್ಟಲಲ್ಲಿ ಲೋಟ ಇಟ್ಟು ಬೆಚ್ಚಗೆ ಮಾಡಿ, ಒಲೆ ಮೇಲೆ ಕುದಿಸಬೇಡಿ, ಮೈಕ್ರೋವೇವ್ ಬೇಡ. ಮಗು ಬಾಯಿಟ್ಟು ಉಳಿಸಿದ್ದನ್ನ 2 ಗಂಟೆಯೊಳಗೆ ಮುಗಿಸಿ, ಇಲ್ಲಾಂದ್ರೆ ಚೆಲ್ಲಿ.

ಸೋಮವಾರಪೇಟೆ_ಚೈತ್ರ
ಬಟ್ಟೆ ಒಣಗಿಸೋದು ಯಾರೂ ಹೇಳಲಿಲ್ಲ. ನಾವು ಬಚ್ಚಲ ಹಂಡೆ ಒಲೆ ಮೇಲೆ ಬಿದಿರು ಕಟ್ಟಿ ಹಾಕ್ತೀವಿ. ಹೊಗೆ ವಾಸನೆ ಬರುತ್ತೆ, ಆದರೆ ಒಣಗುತ್ತೆ. ಎದೆಗೆ ಇಡೋ ಬಟ್ಟೆ ಮಾತ್ರ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ. ತಂಪು ಬಟ್ಟೆ ಇಟ್ಟುಕೊಂಡು ನನಗೆ ಫಂಗಸ್ ಆಗಿತ್ತು. ತೊಟ್ಟು ಕೆಂಪಾಗಿ ಹೊಳೀತಿತ್ತು, ಕುಡಿಸಿದ ಮೇಲೂ ಚುಚ್ಚೋ ನೋವು. ಮಗುವಿನ ನಾಲಿಗೆ ಕೆನ್ನೆಯಲ್ಲಿ ಒರೆಸಿದ್ರೂ ಹೋಗದ ಬಿಳಿ ಪದರ. ಡಾಕ್ಟರ್ ಇಬ್ಬರಿಗೂ ಒಟ್ಟಿಗೇ ಔಷಧಿ ಕೊಟ್ರು.

ಸಿಸ್ಟರ್_ಮಡಿಕೇರಿ
ಒಳ್ಳೆ ಮಾತು ಚೈತ್ರ. ಅದರ ಜೊತೆಗೆ: ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಕೆಂಡದ ಬಾಣಲೆ ಇಡಬೇಡಿ. ಇದ್ದಿಲ ಹೊಗೆ ಕಣ್ಣಿಗೆ ಕಾಣದಿದ್ರೂ ಜೀವ ತೆಗೆಯುತ್ತೆ. ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯೋದೂ ಅದರ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಬಿಸಿಲಿಲ್ಲದ ಚಿಂತೆಗೆ ಉತ್ತರ: ಎದೆಹಾಲು ಕುಡಿಯೋ ಮಗುವಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ, ಹುಟ್ಟಿದಾಗಿನಿಂದ ಒಂದು ವರ್ಷದವರೆಗೆ. ಬೇಸಿಗೆಯಲ್ಲೂ ಕೊಡಬೇಕಾದ್ದೇ, ನಮ್ಮ ಮಳೆಗಾಲದಲ್ಲಂತೂ ತಪ್ಪಿಸಲೇಬಾರದು. ಬಾಟಲಿ ಮೇಲೆ ಒಂದು ಎಂ.ಎಲ್‌ಗೆ ಎಷ್ಟು ಯೂನಿಟ್ ಅಂತ ಓದಿ, ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಬೇರೆ. ಕಾಮಾಲೆಗೆ ಬಿಸಿಲು ಕಾಯಿಸ್ತೀವಿ ಅಂತ ಕಾಯೋರಿದ್ದಾರೆ, ಅದು ಚಿಕಿತ್ಸೆ ಅಲ್ಲ. ಹಳದಿ ಹೊಟ್ಟೆ ಕಾಲಿನವರೆಗೆ ಇಳಿದಿದ್ರೆ ಆಸ್ಪತ್ರೆಗೆ ಹೋಗಿ.

ನಾಪೋಕ್ಲು_ಸೊಸೆ
ಆಶಾ ಅಕ್ಕ ಬಂದಿದ್ರು. ಹುಟ್ಟಿದ ತೂಕ ದಾಟಿದೆ ಮಗು! ಬಟ್ಟೆ ಎಣಿಸಿದೆ, ಒಂಬತ್ತು. ಅತ್ತೆಗೆ ಚೀಲದ ಮುಳ್ಳು ತೋರಿಸಿದ್ರು ಅಕ್ಕ. ಅತ್ತೆ ಏನೂ ಮಾತಾಡಲಿಲ್ಲ, ಆದರೆ ಡಬ್ಬ ಇನ್ನೂ ಕಪಾಟಿನಲ್ಲೇ ಇದೆ.

ಕಂಕುಳಲ್ಲಿ ಹಿಡಿಯೋದು ಕಲಿತೆ, ಉರಿ ಅರ್ಧ ಕಮ್ಮಿ. ಆದರೆ ನಿನ್ನೆಯಿಂದ ಎಡ ಎದೆಯ ಹೊರಭಾಗ ಕೆಂಪಾಗಿ ಗಡ್ಡೆ ಥರ, ಮುಟ್ಟಿದ್ರೆ ನೋವು. ಈಗ ಮೈ ನಡುಗ್ತಿದೆ, ಜ್ವರ 101. ಆ ಕಡೆ ಕುಡಿಸೋದು ಬೇಡ, ಕೆಟ್ಟ ಹಾಲು ಅಂತಿದ್ದಾರೆ. ಗಟ್ಟಿಯಾಗಿ ತಿಕ್ಕಿ ಹಿಂಡಿಬಿಡ್ಲಾ?

ಸಿಸ್ಟರ್_ಮಡಿಕೇರಿ
ತಿಕ್ಕಬೇಡ! ಒತ್ತಿ ತಿಕ್ಕಿದ್ರೆ ಒಳಗಿನ ಊತ ಜಾಸ್ತಿ ಆಗುತ್ತೆ. ಇದು ಎದೆಬಾವು ಶುರುವಾಗಿರೋ ಲಕ್ಷಣ. ಹಾಲು ಕೆಟ್ಟಿಲ್ಲ, ಆ ಕಡೆಯೂ ಮಾಮೂಲಿನಂತೆ ಕುಡಿಸು. ನಿಲ್ಲಿಸಿದ್ರೆ ಹಾಲು ಕಟ್ಟಿ ಕೀವಾಗಬಹುದು. ಖಾಲಿ ಮಾಡಲೇಬೇಕು ಅಂತ ಹೆಚ್ಚುವರಿ ಹಿಂಡಲೂ ಬೇಡ. ಕುಡಿಸಿದ ಮೇಲೆ ತಣ್ಣೀರ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಐಸ್ ಇಡು. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎದೆಹಾಲು ಕುಡಿಸೋರಿಗೆ ತೊಂದರೆ ಇಲ್ಲದ ಔಷಧಿಗಳು. ಆದರೆ ನಡುಕ ಜ್ವರ ಬಂದಿದೆ, ತೊಟ್ಟೂ ಒಡೆದಿದೆ. ಇವತ್ತೇ ಡಾಕ್ಟರ್ ನೋಡಬೇಕು, ಆಂಟಿಬಯಾಟಿಕ್ ಬೇಕಾಗಬಹುದು. ಹಾಲು ಕುಡಿಸ್ತಿದ್ದೀನಿ ಅಂತ ಹೇಳು, ಅದಕ್ಕೆ ಹೊಂದುವ ಮಾತ್ರೆ ಕೊಡ್ತಾರೆ. ಕತ್ತಲಾಗೋ ಮುಂಚೆ ಹೊರಡು, ರಸ್ತೆ ಸ್ಥಿತಿ ಗೊತ್ತಲ್ಲ. ಗಾಡಿ ಇಲ್ಲದಿದ್ರೆ 108.

ಸುಂಟಿಕೊಪ್ಪ_ಅಪ್ಪ
ಗಂಡ ಎಲ್ಲಿದ್ದಾನಮ್ಮ? ಎಬ್ಬಿಸಿ ಜೀಪ್ ತೆಗೆಸು.

ನಾಪೋಕ್ಲು_ಸೊಸೆ
ಮಡಿಕೇರಿಗೆ ಹೋಗಿ ಬಂದ್ವಿ. ಆಂಟಿಬಯಾಟಿಕ್ ಕೊಟ್ಟಿದ್ದಾರೆ, ಸಿಸ್ಟರ್ ಹೇಳಿದ್ದನ್ನೇ ಹೇಳಿದ್ರು, ಕುಡಿಸೋದು ನಿಲ್ಲಿಸಬೇಡ ಅಂತ. ಜ್ವರ ಇಳಿದಿದೆ. ಒಂದು ಕೇಳಬೇಕಿತ್ತು. ರಾತ್ರಿ ಕಾರಣ ಇಲ್ಲದೆ ಅಳು ಬರುತ್ತೆ. ಇದೂ ಹಾಲಿನದ್ದಾ?

ಕುಶಾಲನಗರ_ಟೀಚರ್
ಮೊದಲ ಎರಡು ವಾರ ಬಹಳ ಜನರಿಗೆ ಬರುತ್ತೆ, ತಾನಾಗಿ ಹೋಗುತ್ತೆ. ಅದಾದ ಮೇಲೂ ಉಳಿದ್ರೆ, ಮಗು ಮಲಗಿದ್ರೂ ನಿನಗೆ ನಿದ್ದೆ ಬರದಿದ್ರೆ, ಮಗು ಮೇಲೆ ಮನಸ್ಸೇ ಬರದಿದ್ರೆ, ಸಾಯೋ ಯೋಚನೆ ಬಂದ್ರೆ, ಡಾಕ್ಟರ್‌ಗೆ ಹೇಳಲೇಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿ ಎಷ್ಟು ಹೊತ್ತಿಗಾದ್ರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನನಗೆ ಎರಡನೇ ಮಗುವಿಗೆ ಮಾತ್ರೆ ತಗೊಂಡೇ ಸರಿಯಾಗಿದ್ದು. ಹಾಲೂ ಕುಡಿಸಿದೆ.

ಸುಂಟಿಕೊಪ್ಪ_ಅಪ್ಪ
ಗಂಡಂದಿರಿಗೆ ಒಂದು ಮಾತು. ರಾತ್ರಿ ಎರಡು ಗಂಟೆಗೆ ನೀವು ಹಾಲು ಕುಡಿಸೋಕಾಗಲ್ಲ, ಆದರೆ ಮಗುವನ್ನ ಎತ್ತಿ ಕೊಡಬಹುದು, ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗಿಸಬಹುದು, ಬಟ್ಟೆ ಬದಲಾಯಿಸಬಹುದು. ಹಾಲು ಸಾಲಲ್ಲ ಅಂತ ಬರೋ ನೆಂಟರಿಗೆ ಕಾಪಿ ಕೊಟ್ಟು ಹಜಾರದಲ್ಲೇ ಕೂರಿಸೋ ಕೆಲಸವೂ ನಮ್ಮದೇ.

ಸಿದ್ದಾಪುರ_ಲೈನ್‌ಮನೆ
ಸಿಸ್ಟರ್, ಅತ್ತಿಗೆ ಹಿಂಡೋದು ಕಲಿತ್ರು. ಮೊದಲ ದಿನ ಲೋಟದ ತಳ ಮುಚ್ಚಲಿಲ್ಲ, ಈಗ ಅರ್ಧ ಲೋಟ ಬರುತ್ತೆ. ರೈಟರ್ ಹತ್ತಿರ ಮಾತಾಡಿದ್ವಿ, ಹನ್ನೊಂದು ಗಂಟೆಗೆ ಒಂದು ಸಲ ಬಂದು ಕುಡಿಸಿ ಹೋಗೋಕೆ ಒಪ್ಪಿದ್ದಾರೆ. ಮಧ್ಯಾಹ್ನದ್ದಕ್ಕೆ ಇನ್ನೂ ಒಪ್ಪಿಲ್ಲ. ಹೆಸರು ಮಸ್ಟರ್‌ನಲ್ಲಿ ಇಲ್ಲ, ಮೇಸ್ತ್ರಿ ಪುಸ್ತಕದಲ್ಲಿದೆ. ಒಳಲೆ ಹೇಗೆ ಕುಡಿಸೋದು, ಹೇಗೆ ತೊಳೆಯೋದು?

ತೋಟದ_ರೈಟರ್
ಮೇಸ್ತ್ರಿ ಪುಸ್ತಕದ ದಿನಗಳ ಫೋಟೋ ತೆಗೆದಿಟ್ಟುಕೊಳ್ಳಿ. ಕೂಲಿ ಕೊಟ್ಟ ಚೀಟಿ ಇದ್ರೆ ಅದನ್ನೂ. ಅವೆರಡನ್ನೂ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ, ಬರೀ ಬಾಯಿಮಾತಿಗೆ ಬೆಲೆ ಇಲ್ಲ.

ಸಿಸ್ಟರ್_ಮಡಿಕೇರಿ
ಮಗುವನ್ನ ತೊಡೆ ಮೇಲೆ ತಲೆ ಎತ್ತರಿಸಿ ಕೂರಿಸಿಕೋ, ಮಲಗಿಸಿ ಬೇಡ. ಒಳಲೆಯ ಮೂತಿ ಕೆಳತುಟಿಯ ಮೇಲೆ, ಬಾಯಿಯ ಮೂಲೆಯ ಕಡೆ ಇಟ್ಟು, ಹಾಲು ತುಟಿಗೆ ತಾಗುವಷ್ಟು ಮಾತ್ರ ಓರೆ ಮಾಡು. ಗಂಟಲಿಗೆ ಸುರಿಯಬೇಡ, ಅದು ನುಂಗಿದ ಮೇಲೆ ಮುಂದಿನ ಗುಟುಕು. ನಿದ್ದೆಯಲ್ಲಿರೋ ಮಗುವಿಗೆ ಕುಡಿಸಬೇಡ. ಪ್ರತಿ ಸಲ ಸೋಪು ನೀರಲ್ಲಿ ಮೂತಿಯ ಒಳಗೂ ಬೆರಳು ಹಾಕಿ ತೊಳೆದು, ಪೂರ್ತಿ ಮುಳುಗುವಷ್ಟು ನೀರಲ್ಲಿ ಹತ್ತು ನಿಮಿಷ ಕುದಿಸಿ, ಮುಚ್ಚಿದ ಪಾತ್ರೆಯಲ್ಲೇ ಇಡು. ಒರೆಸೋ ಬಟ್ಟೆ ಬೇಡ, ತಾನೇ ಆರಲಿ.